ಲಿಂಡೆಬಾಯಿಯ ಕಪಾಟಿನಿಂದ ಬಂದ ಹೊಗೆ

ಸವಣೂರು, ಹೊರಡುವ ಮೊದಲು

ಮನೆಯ ಸಂದಿಗೊಂದಿ ಮುಚ್ಚುವುದನ್ನು ಕಲಿಯಲು ಜರ್ಮನಿಗೆ ಹೋಗುತ್ತೇನೆ ಎಂದಾಗ ಹಾನಗಲ್ಲಿನ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಅಡುಗೆಮನೆಯಲ್ಲೇ ಇಲಿ ಕೊರೆದ ತೂತುಗಳಿವೆ, ಅವನ್ನು ಮುಚ್ಚಿ ಕಲಿ ಎಂದಳು ಅವ್ವ. ಹಾಗಾಗಿ ಹೊರಡುವ ಹಿಂದಿನ ದಿನ ಆ ತೂತುಗಳನ್ನೂ ಮುಚ್ಚಿಯೇ ಹೋದೆ.

ನಾನು ಶಿಗ್ಗಾಂವಿಯ ಒಂದು ತರಬೇತಿ ಕೇಂದ್ರದಲ್ಲಿ ಕಟ್ಟಡ ಕೆಲಸ ಕಲಿಸುತ್ತೇನೆ. ಕಲಿಸುವುದೆಲ್ಲ ಸಿಮೆಂಟು, ಸರಳು, ಸ್ಲ್ಯಾಬು. ಹಳೆಯ ಕಟ್ಟಡದ ಉಸಾಬರಿ ನನಗೆ ಬಂದದ್ದು ಸವಣೂರಿನ ಒಂದು ಶಾಲೆಯಿಂದ. ಆಳೆತ್ತರದ ಅಡಿಪಾಯ, ದಪ್ಪ ಕಲ್ಲಿನ ಗೋಡೆ, ಸುಣ್ಣದ ಗಾರೆ, ಸಾಗವಾನಿ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ಇಂಥ ಕಟ್ಟಡ ಬೇಸಿಗೆಯಲ್ಲಿ ತಂಪಾಗಿರಬೇಕು. ಆದರೆ ಯಾವಾಗಲೋ ಯಾರೋ ಒಳಗಡೆ ಸಿಮೆಂಟು ಬಳಿದು, ಅದರ ಮೇಲೆ ಎಣ್ಣೆ ಬಣ್ಣ ಹಚ್ಚಿ, ತೊಲೆ ಕಾಣದಂತೆ ತಗಡು ಹೊಡೆದಿದ್ದರು. ಮಾರ್ಚ್ ಬಂತೆಂದರೆ ಮಕ್ಕಳು ರೊಟ್ಟಿಯ ಹಂಚಿನ ಮೇಲೆ ಕೂತಂತೆ ಕೂರುತ್ತಿದ್ದರು. ಶಾಲಾ ಸಮಿತಿಯ ಅಧ್ಯಕ್ಷ, ವೀಳ್ಯದೆಲೆ ವ್ಯಾಪಾರಿ ಚನ್ನಬಸಪ್ಪನವರು, ಇದನ್ನು ಇಳಿಸಿ ಕಾಂಕ್ರೀಟು ಕಟ್ಟಿಸಿ ಏಸಿ ಕೂರಿಸೋಣ ಎಂದು ಹಟ ಹಿಡಿದಿದ್ದರು. ಅದೇ ಊರಿನ ಗೌಂಡಿ ಗೌಸುಸಾಬರು ಬೇಡ ಎಂದು ಸಭೆಯಲ್ಲೇ ಎದ್ದು ನಿಂತರು. ಯಾಕೆ ಬೇಡ ಎಂದು ಕೇಳಿದರೆ ಗೋಡೆಯನ್ನು ತಟ್ಟಿ ತಟ್ಟಿ ತೋರಿಸಿದರು, ಅಷ್ಟೆ.

ಅದೇ ಹೊತ್ತಿಗೆ ಹಳೆಯ ಕಟ್ಟಡಗಳನ್ನು ಕಡಿಮೆ ಉರುವಲು, ಕಡಿಮೆ ಕರೆಂಟಿನಲ್ಲಿ ಕಾಪಾಡುವುದು ಹೇಗೆಂದು ಕೈಕೆಲಸದವರಿಗೆ ಕಲಿಸುವ ವಿದೇಶಿ ತರಬೇತಿಯೊಂದರ ಸುದ್ದಿ ನಮ್ಮ ಕೇಂದ್ರಕ್ಕೆ ಬಂತು. ಒಬ್ಬ ಗೌಂಡಿ, ಒಬ್ಬ ಬಡಿಗ, ಒಬ್ಬರು ಇಂಗ್ಲಿಷ್ ಬಲ್ಲವರು ಬೇಕಿತ್ತು. ಗೌಸುಸಾಬರು ಇದ್ದೇ ಇದ್ದರು. ಹಿರೇಕೆರೂರಿನಿಂದ ಮೌನೇಶ ಬಡಿಗೇರ ಸಿಕ್ಕ. ಹೆಸರು ಮಾತ್ರ ಮೌನೇಶ. ಇಂಗ್ಲಿಷ್ ನನ್ನ ಪಾಲಿಗೆ ಬಂತು.

ಚನ್ನಬಸಪ್ಪನವರು ಒಪ್ಪಿದರು, ಆದರೆ ವ್ಯಾಪಾರಸ್ಥರ ರೀತಿಯಲ್ಲಿ ಒಪ್ಪಿದರು.

"ಹೋಗಿ ಬರ್ರಿ, ಅಕ್ಕಾರ. ಸರ್ಟಿಫಿಕೇಟ್ ತಂದ್ರ ಒಂದು ಖೋಲಿ ನಿಮ್ಮ ಕೈಯಾಗ ಕೊಡ್ತೇನಿ. ಅದು ತಂಪಾತಂದ್ರ ಶಾಲಿ ಉಳೀತು. ಆಗಲಿಲ್ಲಂದ್ರ ಬ್ಯಾಸಿಗಿ ಸೂಟಿಯೊಳಗ ಜೆಸಿಬಿ ತರಸ್ತೇನಿ."

ಮೊದಲ ಮುಂಜಾನೆ

ನಾವು ತಲುಪಿದ್ದು ಜರ್ಮನಿಯ ನಡುಭಾಗದ ಒಂದು ಸಣ್ಣ ಊರು. ಅದರ ಹೆಸರು ನಮ್ಮ ಮೂವರ ಬಾಯಲ್ಲಿ ಮೂರು ಥರ ಹೊರಳುತ್ತಿತ್ತು. ತಪ್ಪಾಗಿ ಬರೆದು ಆ ಊರಿನವರನ್ನು ನೋಯಿಸುವುದು ಬೇಡ. ಅಲ್ಲಿನ ಹಳೆಯ ಮನೆಗಳಿಗೆ ಮರದ ಚೌಕಟ್ಟು. ಚೌಕಟ್ಟಿನ ನಡುವೆ ಹುಲ್ಲು ಕಲಸಿದ ಮಣ್ಣು. ಒಂದರ ಹೆಗಲ ಮೇಲೆ ಇನ್ನೊಂದು ಕೈ ಹಾಕಿದಂತೆ ಬೀದಿಯುದ್ದಕ್ಕೂ ಒರಗಿ ನಿಂತಿದ್ದವು. ಅದರಲ್ಲೊಂದು ನಮ್ಮ ತರಬೇತಿಯ ಮನೆ. ಪಕ್ಕದಲ್ಲಿ ಅದಕ್ಕೆ ಅಂಟಿಕೊಂಡ ಮನೆಯಲ್ಲಿ ನಮ್ಮ ವಾಸ. ಅದರ ಒಡತಿ ಫ್ರಾವ್ ಲಿಂಡೆ, ಅಂದರೆ ಶ್ರೀಮತಿ ಲಿಂಡೆ, ಎಂಬ ಎತ್ತರದ, ಬೆಳ್ಳಿ ಕೂದಲಿನ ಹೆಂಗಸು. ಗೌಸುಸಾಬರು ಅವಳನ್ನು ಮೊದಲ ದಿನವೇ ಲಿಂಡೆಬಾಯಿ ಎಂದರು. ಅವಳು ಅದಕ್ಕೆ ಓಗೊಟ್ಟಳು. ಆಮೇಲೆ ನಮಗೂ ಅವಳು ಲಿಂಡೆಬಾಯಿಯೇ.

ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಮರುದಿನ ಬೆಳಿಗ್ಗೆ ನಾವು ಎರಡೆರಡು ದುಪ್ಪಟಿ ಹೊದ್ದು ಮಲಗಿದ್ದಾಗ ಲಿಂಡೆಬಾಯಿ ನನ್ನ ಕೋಣೆಯ ಬಾಗಿಲು ತಟ್ಟಿ ಒಳಗೆ ಬಂದು, ನಮಸ್ಕಾರ ಹೇಳಿ, ಇದ್ದ ಕಿಟಕಿಗಳನ್ನೆಲ್ಲ ಪೂರ್ತಿ ತೆರೆದಳು. ಪಕ್ಕದ ಕೋಣೆಯಲ್ಲಿದ್ದ ಗಂಡಸರ ಕಿಟಕಿಗಳನ್ನೂ ತೆರೆದಳು. ಆಮೇಲೆ ಪಡಸಾಲೆಯ ನಡುವೆ ಕೈಕಟ್ಟಿ ನಿಂತಳು. ಅವಳು ಏನನ್ನೋ ಕಾಯುತ್ತಿದ್ದಂತಿತ್ತು. ನಾವೂ ಎದ್ದು ಬಂದು ಹಲ್ಲು ಕಟಕಟಿಸುತ್ತ ಅವಳ ಜೊತೆ ಕಾದೆವು. ಬೀದಿಯ ಆಚೆ ಬದಿಯ ಮನೆಗಳಲ್ಲೂ ಹಾಗೆಯೇ, ಎಲ್ಲ ಕಿಟಕಿಗಳೂ ತೆರೆದಿದ್ದವು. ಪ್ರತಿ ಕಿಟಕಿಯ ಹಿಂದೆ ಒಬ್ಬೊಬ್ಬರು ಸ್ವೆಟರ್ ಹಾಕಿಕೊಂಡು ಗಂಭೀರವಾಗಿ ನಿಂತಿದ್ದರು. ಸ್ವಲ್ಪ ಹೊತ್ತಿನ ನಂತರ ಅವಳು ತೃಪ್ತಿಯಿಂದ ತಲೆಯಾಡಿಸಿ ಕಿಟಕಿ ಮುಚ್ಚಿ ಹೋದಳು.

ಒಳಗಿನ ಹಳಸಿದ ಗಾಳಿ ಹೋಗಿ ಹೊಸ ಗಾಳಿ ಬರಬೇಕಂತೆ. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದಂತೆ. ಇದನ್ನು ನಮಗೆ ಹೇಳಿದವನು ನಮ್ಮ ಗುರು ಹೋರ್ಸ್ಟ್. ಅರವತ್ತರ ಆಸುಪಾಸಿನ ಬಡಿಗ, ಕೆಂಪು ಗಡ್ಡ, ಒಂದು ಪ್ರಶ್ನೆ ಕೇಳಿದರೆ ಚಹಾ ಆರುವಷ್ಟು ಹೊತ್ತು ಯೋಚಿಸಿ ಉತ್ತರ ಕೊಡುವವನು. ಗೌಸುಸಾಬರಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಅಕ್ಕಾರ, ಹಗಲೆಲ್ಲ ಸೂಜಿ ಹೋಗೂವಷ್ಟು ಸಂದಿ ಬಿಡಬ್ಯಾಡ್ರಿ ಅಂತಾರ. ಮುಂಜಾನೆ ಎದ್ದು ಎಮ್ಮಿ ಹೋಗೂವಷ್ಟು ತಗದು ಕುಂದ್ರತಾರ. ಇವರಿಗೆ ಗಾಳಿ ಬೇಕೋ ಬ್ಯಾಡೋ, ಅದೊಂದು ಕೇಳ್ರಿ."

ಕೇಳಿದೆ. ಹೋರ್ಸ್ಟ್ ತುಂಬ ಹೊತ್ತು ಗಡ್ಡ ಸವರಿಕೊಂಡು, ಗಾಳಿ ಬೇಕು, ಆದರೆ ನಾವು ಕರೆದಾಗ ಬರಬೇಕು ಎಂದ. ಗೌಸುಸಾಬರು ಇದನ್ನು ಕೇಳಿ, ಹಂಗಾದ್ರ ಇದು ಗಾಳಿಯಲ್ಲ, ಅಳಿಯ ಎಂದರು.

ತರಗತಿ

ಅಲ್ಲಿ ಕಲಿತದ್ದೆಲ್ಲ ಬಿಸಿಯನ್ನು ಒಳಗೆ ಹಿಡಿದಿಡುವ ವಿದ್ಯೆ. ನಮಗೆ ಬೇಕಾದದ್ದು ಬಿಸಿಯನ್ನು ಹೊರಗೇ ನಿಲ್ಲಿಸುವ ವಿದ್ಯೆ. ಹೀಗಾಗಿ ಪ್ರತಿ ಪಾಠವನ್ನೂ ಚಡ್ಡಿಯನ್ನು ಒಳಹೊರಗು ಮಾಡಿದಂತೆ ತಿರುಗಿಸಿ ಅರ್ಥ ಮಾಡಿಕೊಳ್ಳಬೇಕಾಗಿತ್ತು. ಮೌನೇಶ ಒಮ್ಮೆ ಮರೆತು ನಿಜವಾಗಿಯೇ ತಿರುಗಿಸಿಬಿಟ್ಟ. ಕಿಟಕಿಯ ಒಳಬದಿಗೆ ಬರಬೇಕಾದ ಕದವನ್ನು ಒಂದಿಡೀ ಮಧ್ಯಾಹ್ನ ಕೂತು ಹೊರಬದಿಗೆ ಅಂದವಾಗಿ ಕೂರಿಸಿದ. ಹೋರ್ಸ್ಟ್ ಅದನ್ನು ಮೆಚ್ಚಿ, ಫೋಟೊ ತೆಗೆದು, ಬಿಚ್ಚಿಸಿದ.

ಗೋಡೆಯೊಳಗೆ ತುಂಬಲು ಕುರಿಯ ಉಣ್ಣೆಯ ದೊಡ್ಡ ಸುರುಳಿಗಳು ಬಂದವು. ಮೌನೇಶ ಅದನ್ನು ಕೆನ್ನೆಗೆ ಒತ್ತಿ ನೋಡಿದ.

"ನಮ್ಮ ಕಡೆ ಮನಷ್ಯಾರು ಕಂಬಳಿ ಹೊದಕೊಂಡು ಮನಿ ಹೊರಗ ಮಲಗ್ತಾರ. ಇಲ್ಲಿ ಮನೀಗೆ ಕಂಬಳಿ ಹೊದಿಸಿ ಮನಷ್ಯಾರು ಥಂಡ್ಯಾಗ ನಿಂದರ್ತಾರ."

ಬಿಸಿ ಎಲ್ಲಿ ಸೋರುತ್ತದೆಂದು ತೋರಿಸುವ ಒಂದು ಕ್ಯಾಮೆರಾ ಇತ್ತು. ತಂಪಾದದ್ದು ನೀಲಿ, ಬಿಸಿಯಾದದ್ದು ಕೆಂಪು. ಅದನ್ನು ಹಿಡಿದು ಮನೆಯೆಲ್ಲ ಸುತ್ತಿದೆವು. ಬಾಗಿಲ ಸಂದಿ, ಕಿಟಕಿಯ ಮೂಲೆ, ಅಟ್ಟದ ಹಲಗೆ, ಎಲ್ಲದರ ಗುಟ್ಟೂ ಪರದೆಯ ಮೇಲೆ ಬಂತು. ಒಂದು ಗೋಡೆಯ ನಡುವೆ ಉರಿಯುವ ಕೆಂಪು ಚುಕ್ಕೆ ಕಂಡಿತು. ಹೋರ್ಸ್ಟ್ ಗಾಬರಿಯಾಗಿ ಗೋಡೆಗೆ ಕಿವಿಯಿಟ್ಟ. ನೋಡಿದರೆ ಗೌಸುಸಾಬರು ಹಿಂದಿನ ಕ್ಷಣದವರೆಗೂ ಆ ಜಾಗಕ್ಕೆ ಒರಗಿ ನಿಂತಿದ್ದರು. ಗೋಡೆ ಅವರ ಬೆನ್ನನ್ನು ಇನ್ನೂ ನೆನಪಿಟ್ಟುಕೊಂಡಿತ್ತು.

ಪಕ್ಕದ ಮನೆಗೆ ತಾಗಿದ ಗೋಡೆಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಅದರ ಮೇಲೆ ತಲೆಮಾರುಗಳ ಹಿಂದಿನ ಕೆತ್ತನೆಯ ಹಲಗೆಯ ಹೊದಿಕೆ. ಕಾನೂನು ಅದನ್ನು ಕಾಪಾಡುತ್ತದೆ, ಒಂದು ಮೊಳೆಯನ್ನೂ ಕೀಳಬಾರದು ಎಂದು ಹೋರ್ಸ್ಟ್ ಮೊದಲೇ ಹೇಳಿದ್ದ. ಅದು ಹೇಗೂ ಮನೆಮನೆಯ ನಡುವಿನ ಗೋಡೆ, ಅಲ್ಲಿಂದ ಏನು ಸೋರೀತು ಎಂದು ನಾವೂ ಬಿಟ್ಟೆವು.

ರವಿವಾರ

ಆ ಊರಿನಲ್ಲಿ ರವಿವಾರ ಸದ್ದು ಮಾಡುವಂತಿಲ್ಲ. ಸುತ್ತಿಗೆ ಹಿಡಿಯುವಂತಿಲ್ಲ, ಹುಲ್ಲು ಕತ್ತರಿಸುವಂತಿಲ್ಲ. ನಮ್ಮ ಕಡೆ ವಾರದಲ್ಲಿ ಒಂದು ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇಲ್ಲಿ ಕಿವಿಗೆ ಆ ರಜೆ.

ಆದರೆ ಸುಣ್ಣದ ಗಾರೆಗೆ ರವಿವಾರ ಗೊತ್ತಿಲ್ಲ. ಶನಿವಾರ ಸಂಜೆ ಗೌಸುಸಾಬರು ಬಳಿದ ಗೋಡೆ ಮರುದಿನ ಬೆಳಿಗ್ಗೆ ಬಿಗಿಯತೊಡಗಿತು. ಆ ಹದದಲ್ಲಿ ಮರದ ಹಲಗೆಯಿಂದ ಬಡಿದು ಕೂರಿಸದಿದ್ದರೆ ಗಾರೆ ಬಿರುಕು ಬಿಡುತ್ತದೆ, ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ, ಗಾಳಿ ಸೋರಿದರೆ ಪರೀಕ್ಷೆ ಹೋಯಿತು. ಪರೀಕ್ಷೆ ಅಂದರೆ ಇಡೀ ಮನೆಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವುದು. ಮನೆ ಪಾಸಾದರೆ ಮಾತ್ರ ನಮಗೆ ಸರ್ಟಿಫಿಕೇಟ್.

ಮೂವರೂ ಕಳ್ಳರಂತೆ ತರಬೇತಿಯ ಮನೆಗೆ ನುಸುಳಿದೆವು. ಹಲಗೆಗೆ ಟವೆಲ್ ಸುತ್ತಿ ಗೌಸುಸಾಬರು ಮೆಲ್ಲಗೆ ಬಡಿದರು. ಟಪ್. ಆ ನಿಶ್ಶಬ್ದದಲ್ಲಿ ಅದು ಮದ್ದು ಹಾರಿಸಿದಂತೆ ಕೇಳಿತು. ಮೌನೇಶ ಕೆಮ್ಮಿದರೆ ಸದ್ದು ಮುಚ್ಚೀತು ಎಂದು ಪ್ರತಿ ಏಟಿಗೂ ಒಂದೊಂದು ಸಲ ಕೆಮ್ಮತೊಡಗಿದ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಲಿಂಡೆಬಾಯಿ ನಿಂತಿದ್ದಳು. ಅವಳು ಬಂದದ್ದು ಮೌನೇಶನಿಗೆ ಕಷಾಯ ಹಿಡಿದುಕೊಂಡು. ಹಲಗೆಯನ್ನು ನೋಡಿದಳು, ಗೋಡೆಯನ್ನು ಮುಟ್ಟಿದಳು, ನಮ್ಮ ಮೂವರ ಮುಖ ನೋಡಿದಳು. ಕಷಾಯವನ್ನು ಕೆಳಗಿಟ್ಟು ತಿರುಗಿ ಹೋದಳು. ದೂರು ಕೊಡಲು ಹೋದಳೆಂದು ನಾನು ಗಾಬರಿಯಾದೆ. ಅವಳು ಒಂದು ಬುಟ್ಟಿ ತುಂಬ ತಾನೇ ಹೆಣೆದ ದಪ್ಪ ಕಾಲುಚೀಲಗಳನ್ನು ತಂದು ಕೊಟ್ಟಳು.

ಆ ಗೋಡೆಯನ್ನು ನಾವು ನಾಲ್ವರೂ ಕೈಗೆ ಕಾಲುಚೀಲ ಹಾಕಿಕೊಂಡು ಮುಷ್ಟಿಯಿಂದ ಗುದ್ದಿ ಗುದ್ದಿ ಕೂರಿಸಿದೆವು. ಗೌಸುಸಾಬರು ಉರ್ದುವಿನಲ್ಲಿ ಹೇಳಿಕೊಟ್ಟರು, ಲಿಂಡೆಬಾಯಿ ಜರ್ಮನ್‌ನಲ್ಲಿ ಒಪ್ಪಿದಳು. ಮಧ್ಯಾಹ್ನ ಅವಳ ಮನೆಯಲ್ಲಿ ತಣ್ಣನೆಯ ಬ್ರೆಡ್ಡಿಗೆ ನಾವು ಸವಣೂರಿನ ಖಾರ ಹಾಕಿಕೊಂಡು ತಿಂದೆವು. ಅವಳೂ ರುಚಿ ನೋಡಿ, ಕಣ್ಣೊರೆಸಿಕೊಂಡು, ಇನ್ನಷ್ಟು ಕೇಳಿದಳು.

ಪರೀಕ್ಷೆಯ ದಿನ

ಮುಂಬಾಗಿಲಿಗೆ ಗಟ್ಟಿಯಾದ ಬಟ್ಟೆಯ ಪರದೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನು ಕೂರಿಸಿದರು. ಫ್ಯಾನು ಒಳಕ್ಕೆ ಗಾಳಿ ನೂಕುತ್ತದೆ, ಸಂದಿಗಳಿಂದ ಎಷ್ಟು ಹೊರಗೆ ಹೋಗುತ್ತದೆಂದು ಯಂತ್ರ ಹೇಳುತ್ತದೆ. ನಾವು ಪ್ರತಿ ಸಂದಿಯನ್ನೂ ಕೈಯಾರೆ ಮುಚ್ಚಿದ್ದೆವು. ಆದರೂ ಯಂತ್ರ ನೋಡಿ ಹೋರ್ಸ್ಟ್‌ನ ಮುಖ ಸಣ್ಣದಾಯಿತು. ಒಂದು ಬಾಗಿಲನ್ನೇ ತೆರೆದಿಟ್ಟಷ್ಟು ಗಾಳಿ ಸೋರುತ್ತಿತ್ತು. ಯಾವ ಬಾಗಿಲನ್ನೂ ತೆರೆದಿಟ್ಟಿರಲಿಲ್ಲ. ಗೌಸುಸಾಬರು ತಮ್ಮ ಗಾರೆಯ ಮೇಲೆ ಅಂಗೈ ಆಡಿಸುತ್ತ ನಿಂತರು. ನನಗೆ ಜೆಸಿಬಿಯ ಹಲ್ಲು ಕಣ್ಣಮುಂದೆ ಬಂತು.

ಆಗ ಹೋರ್ಸ್ಟ್ ಹೊಗೆಯ ಯಂತ್ರ ತಂದ. ಕಂಪನಿ ನಾಟಕದಲ್ಲಿ ಸ್ವರ್ಗ ತೋರಿಸುವಾಗ ಬಿಡುತ್ತಾರಲ್ಲ, ಅಂಥ ಬಿಳಿ ಹೊಗೆ. ಒಳಗೆ ಹೊಗೆ ತುಂಬಿ, ಹೊರಗೆ ನಿಂತು ನೋಡಿದರೆ ಎಲ್ಲಿಂದ ಸೋರುತ್ತದೆಂದು ತಿಳಿಯುತ್ತದೆ. ಮನೆ ತುಂಬ ಹೊಗೆಯಾಯಿತು. ನಾವು ಬೀದಿಯಲ್ಲಿ ನಿಂತೆವು. ಮುಂದಿನ ಗೋಡೆಯಲ್ಲಿ ಏನೂ ಇಲ್ಲ. ಹಿತ್ತಲಿಗೆ ಓಡಿದೆವು, ಏನೂ ಇಲ್ಲ. ಛಾವಣಿಯಲ್ಲೂ ಇಲ್ಲ. ಅಷ್ಟೊಂದು ಹೊಗೆ ಎಲ್ಲಿಗೆ ಹೋಯಿತೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಊರಿನ ಸೈರನ್ ಕೂಗಿತು. ಅದೇ ಕ್ಷಣಕ್ಕೆ ಹೋರ್ಸ್ಟ್‌ನ ಸೊಂಟದಲ್ಲಿದ್ದ ಸಣ್ಣ ಪೇಜರೂ ಕೂಗಿತು.

ಆ ಊರಿನಲ್ಲಿ ಬೆಂಕಿ ಆರಿಸುವವರು ಊರವರೇ. ಬ್ರೆಡ್ಡಿನ ಅಂಗಡಿಯವನು ದಳಪತಿ. ಹೋರ್ಸ್ಟ್ ಅವರಲ್ಲಿ ಒಬ್ಬ. ಅವನು ಪೇಜರ್ ಓದಿದ. ಪಕ್ಕದ ಮನೆ, ಲಿಂಡೆಬಾಯಿಯ ಮನೆ, ಬೆಂಕಿ ಎಂದು ಬಂದಿತ್ತು.

"ಅದು ನಮ್ಮ ಹೊಗೀನ ಅಲ್ಲೇನು, ಕೇಳ್ರಿ ಅಕ್ಕಾರ" ಎಂದ ಮೌನೇಶ.

ಕೇಳಿದೆ. ಇರಬಹುದು ಎಂದ ಹೋರ್ಸ್ಟ್. ಆದರೆ ಕರೆ ಬಂದಿದೆ, ನಾನು ಅಗ್ನಿಶಾಮಕ ಠಾಣೆಗೆ ಹೋಗಿ ಲಾರಿಯಲ್ಲೇ ಬರಬೇಕು. ಫ್ಯಾನು ಆರಿಸು ಎಂದು ನನಗೆ ಹೇಳಿ, ಸೈಕಲ್ ಹತ್ತಿ ಬೆಂಕಿ ಇದ್ದ ಜಾಗದಿಂದ ದೂರಕ್ಕೆ ಶಕ್ತಿಯಿದ್ದಷ್ಟು ತುಳಿಯುತ್ತ ಹೋದ.

ಲಿಂಡೆಬಾಯಿ ಬೀದಿಯಲ್ಲಿ ಬೆಕ್ಕನ್ನು ಅವುಚಿಕೊಂಡು ನಿಂತಿದ್ದಳು. ತನ್ನ ಮಲಗುವ ಕೋಣೆಯ ಬಟ್ಟೆ ಕಪಾಟಿನಿಂದ ಹೊಗೆ ಬರುತ್ತಿದೆ ಎಂದು ಕೈಸನ್ನೆಯಲ್ಲಿ ತೋರಿಸಿದಳು. ಕೋಟುಗಳ ನಡುವಿನಿಂದ ಯಾರೋ ದೇವರು ಪ್ರತ್ಯಕ್ಷವಾಗುವಂತೆ ಬರುತ್ತಿದೆಯಂತೆ. ಬೆಂಕಿಯಲ್ಲ, ಬೆಂಕಿಯಲ್ಲ ಎಂದು ಗೌಸುಸಾಬರು ಕನ್ನಡ, ಉರ್ದು ಎರಡರಲ್ಲೂ ಹೇಳಿದರು. ಅವಳು ಅವರ ತೋಳು ಹಿಡಿದುಕೊಂಡಳು.

ಕೆಂಪು ಲಾರಿ ಬಂತು. ಅದರಿಂದ ಹೆಲ್ಮೆಟ್ಟು, ಬೂಟು, ದಪ್ಪ ಕೋಟು ಹಾಕಿದ ಹೋರ್ಸ್ಟ್ ಇಳಿದ. ನೇರ ನನ್ನ ಬಳಿ ಬಂದು, ಇಲ್ಲಿ ಏನಾಯಿತು ಎಂದು ಗಂಭೀರವಾಗಿ ಕೇಳಿದ. ನೀನು ಹೊಗೆ ಬಿಟ್ಟೆ ಎಂದೆ. ಆ ಮನೆಯ ಹೊಣೆ ಯಾರದು ಎಂದ. ನಿನ್ನದೇ ಎಂದೆ. ಅವನು ದಳಪತಿಯ ಕಡೆ ತಿರುಗಿ ಜವಾಬ್ದಾರಿಯ ವ್ಯಕ್ತಿ ಸ್ಥಳದಲ್ಲೇ ಇದ್ದಾನೆ ಎಂದು ವರದಿ ಒಪ್ಪಿಸಿದ. ಅವನ ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ.

ಕಪಾಟಿನ ಹಿಂದೆ

ಕಪಾಟನ್ನು ಐದಾರು ಜನ ಸೇರಿ ಸರಿಸಿದರು. ಹಿಂದೆ ಹೂಬಳ್ಳಿಯ ಚಿತ್ರದ ಕಾಗದ ಅಂಟಿಸಿದ ಗೋಡೆ. ಆ ಕಾಗದ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿ, ಒಂದು ಅಂಚಿನಲ್ಲಿ ಹರಿದು, ಅಲ್ಲಿಂದ ಕೊನೆಯ ಹೊಗೆ ಎಳೆಯಾಗಿ ಬರುತ್ತಿತ್ತು. ಮೌನೇಶ ಅಂಚು ಹಿಡಿದು ಮೆಲ್ಲಗೆ ಎಳೆದ. ಒಳಗೆ ಗೋಡೆ ಇರಲಿಲ್ಲ. ಒಂದು ಬಾಗಿಲಿತ್ತು. ಕಬ್ಬಿಣದ ಚಿಲಕದ, ಕುಳ್ಳನೆಯ ಮರದ ಬಾಗಿಲು. ಅದರ ಇನ್ನೊಂದು ಮಗ್ಗುಲಿಗೆ ನಮ್ಮ ಮುಟ್ಟಬಾರದ ಕೆತ್ತನೆಯ ಹಲಗೆ.

ಲಿಂಡೆಬಾಯಿ ಮಂಚದ ಮೇಲೆ ಕೂತಳು. ಅವಳು ಹೇಳಿದ್ದನ್ನು ಹೋರ್ಸ್ಟ್ ಹೆಲ್ಮೆಟ್ಟು ತೆಗೆದು ನನಗೆ ತಿಳಿಸಿದ. ಅವಳ ಅಜ್ಜ ಮತ್ತು ಅಜ್ಜನ ತಮ್ಮ ಜಗಳವಾಡಿ ಮನೆ ಪಾಲು ಮಾಡಿಕೊಂಡಿದ್ದರು. ಒಂದು ಮನೆ ಎರಡಾಯಿತು. ಆಮೇಲೆ ಮಾತಿಲ್ಲ. ಅವಳು ಹುಟ್ಟಿದ್ದು, ಬೆಳೆದದ್ದು ಈ ಕೋಣೆಯಲ್ಲೇ. ಆ ಕಡೆಯ ಮಕ್ಕಳ ನಗು ಗೋಡೆಯಿಂದ ಕೇಳುತ್ತಿತ್ತು. ಇಷ್ಟು ದಪ್ಪ ಗೋಡೆಯಿಂದ ಹೇಗೆ ಕೇಳುತ್ತದೆ ಎಂದು ಅವಳು ಕೇಳಿದಾಗಲೆಲ್ಲ ದೊಡ್ಡವರು ಗದರುತ್ತಿದ್ದರಂತೆ. ಆ ಕಡೆಯವರೆಲ್ಲ ಈಗ ಊರು ಬಿಟ್ಟಿದ್ದರು. ಮನೆ ಮಾರಾಟವಾಗಿ ತರಬೇತಿಯ ಮನೆಯಾಗಿತ್ತು.

ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಗೌಸುಸಾಬರು ಮೆಲ್ಲಗೆ, "ಅಣ್ಣತಮ್ಮರ ಪಾಲು ಅಂದ್ರ ಎಲ್ಲಾ ಕಡೆ ಇಷ್ಟ ಏನ್ರಿ" ಎಂದರು. ಹಾನಗಲ್ಲಿನ ನಮ್ಮ ಓಣಿಯಲ್ಲೂ ಪಡಸಾಲೆಯ ನಡುವೆ ಗೋಡೆ ಎದ್ದು, ಒಂದೇ ಗಡಿಯಾರ ಅರ್ಧ ಅವರಿಗೆ ಅರ್ಧ ಇವರಿಗೆ ಕಾಣುವಂಥ ಮನೆಗಳಿವೆ. ಆ ಮಾತು ಲಿಂಡೆಬಾಯಿಗೆ ತಿಳಿಸಬೇಕೆನಿಸಿತು. ಹೋರ್ಸ್ಟ್‌ನ ಮೂಲಕ ತಿಳಿಸಿದೆ. ಅವಳು ಅಳುತ್ತಲೇ ನಕ್ಕಳು.

ಇನ್ನು ನಮ್ಮ ಪರೀಕ್ಷೆ. ಹೋರ್ಸ್ಟ್ ಪಾರಂಪರಿಕ ಕಟ್ಟಡಗಳ ಕಚೇರಿಗೆ ಫೋನು ಮಾಡಿದ. ಬಾಗಿಲು ಹಳೆಯದು, ಅದಕ್ಕೆ ಮೊಳೆ ಹೊಡೆಯುವಂತಿಲ್ಲ, ಅಂಟು ತುಂಬುವಂತಿಲ್ಲ ಎಂದರು. ಮುಚ್ಚಿದರೆ ಕಾನೂನು ಮುರಿಯುತ್ತದೆ. ಮುಚ್ಚದಿದ್ದರೆ ಮನೆ ಫೇಲು. ಹೋರ್ಸ್ಟ್ ಬೂಟು ಹಾಕಿಕೊಂಡೇ ಬಹಳ ಹೊತ್ತು ಯೋಚಿಸಿದ. ದಳಪತಿಯೂ ಯೋಚಿಸಿದ. ಮೌನೇಶ ತನ್ನ ಜನ್ಮದಲ್ಲೇ ಮೊದಲ ಬಾರಿಗೆ ಸುಮ್ಮನೆ ಕೂತಿದ್ದ.

ದಾರಿ ತೋರಿಸಿದವಳು ಲಿಂಡೆಬಾಯಿ. ಹಾಗಾದರೆ ಅದನ್ನು ತೆರೆದುಬಿಡಿ ಎಂದಳು. ನಡುವೆ ತೆರೆದ ಬಾಗಿಲಿದ್ದರೆ ಅದು ಎರಡು ಮನೆಯಲ್ಲ, ಒಂದೇ ಮನೆ. ಒಂದು ಮನೆಗೆ ಒಂದು ಪರೀಕ್ಷೆ. ಹಲಗೆ ಬಿಚ್ಚಲು ಕಚೇರಿ ಒಪ್ಪೀತೇ ಎಂದು ಎಲ್ಲರಿಗೂ ಭಯವಿತ್ತು. ಬಾಗಿಲು ಹಲಗೆಗಿಂತ ಹಳೆಯದಾದ್ದರಿಂದ ಅದರ ಹಕ್ಕೇ ದೊಡ್ಡದು ಎಂದು ಅಪ್ಪಣೆ ಬಂತು. ಮೌನೇಶ ಮತ್ತು ಹೋರ್ಸ್ಟ್ ಸೇರಿ ಹಲಗೆಗಳನ್ನು ಮಗುವನ್ನು ಎತ್ತಿದಂತೆ ಇಳಿಸಿದರು. ಚಿಲಕವನ್ನು ಲಿಂಡೆಬಾಯಿಯೇ ತೆಗೆದಳು. ಕೀಲು ಕಿರುಗುಟ್ಟಿತು. ಅವಳು ತಲೆ ಬಗ್ಗಿಸಿ ಆ ಕಡೆ ಹೋದಳು. ಸುಮಾರು ಹೊತ್ತು ಈಚೆ ಬರಲಿಲ್ಲ. ಯಾರೂ ಕರೆಯಲಿಲ್ಲ.

ಬಂದವಳು ಒಂದು ಷರತ್ತು ಹಾಕಿದಳು. ಇನ್ನು ಮುಂದೆ ಬೆಳಿಗ್ಗೆ ಎರಡೂ ಕಡೆಯ ಕಿಟಕಿಗಳನ್ನು ತಾನೇ ತೆರೆಯುವವಳು.

ಲಿಂಡೆಬಾಯಿಯ ಕಡೆಯ ಸಂದಿಗಳನ್ನೂ ಮುಚ್ಚಿದ ಮೇಲೆ ಮರುಪರೀಕ್ಷೆಯಲ್ಲಿ ಒಂದೇ ತೊಡಕು ಉಳಿಯಿತು. ಲಿಂಡೆಬಾಯಿಯ ಹಿಂಬಾಗಿಲಿನಲ್ಲಿ ಬೆಕ್ಕಿಗೆಂದೇ ಒಂದು ಪುಟ್ಟ ಬಾಗಿಲಿತ್ತು, ಗಾಳಿಯ ಒತ್ತಡಕ್ಕೆ ಪಟಪಟ ಬಡಿದುಕೊಳ್ಳುತ್ತಿತ್ತು. ಹೋರ್ಸ್ಟ್ ನಿಯಮ ನೋಡಿದ. ಪರೀಕ್ಷೆಯ ಹೊತ್ತಿಗೆ ಅಂಥ ಬಾಗಿಲು ಮುಚ್ಚಿರಬೇಕು ಎಂದಿದೆ, ಯಾವುದರಿಂದ ಎಂದು ಬರೆದಿಲ್ಲ ಎಂದ. ಗೌಸುಸಾಬರು ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಹೊರಗೆ ಬೆಕ್ಕು ಅವರ ಬೆನ್ನಿಗೆ ಕೆರೆಯಿತು. ಅವರು ಅಲುಗಲಿಲ್ಲ. ಮನೆ ಪಾಸಾಯಿತು.

ಮತ್ತೆ ಸವಣೂರು

ಚನ್ನಬಸಪ್ಪನವರು ಮಾತಿಗೆ ತಪ್ಪಲಿಲ್ಲ. ಪಶ್ಚಿಮಕ್ಕಿದ್ದ, ಎಲ್ಲಕ್ಕಿಂತ ಬಿಸಿಯಾದ ಕೋಣೆಯನ್ನೇ ನಮಗೆ ಕೊಟ್ಟರು. ಗೌಸುಸಾಬರು ಸಿಮೆಂಟು ಕೆತ್ತಿ ತೆಗೆದು ಸುಣ್ಣದ ಗಾರೆ ಬಳಿದರು. ತಗಡು ಇಳಿಸಿದಾಗ ಗೋಡೆಯ ಮೇಲ್ತುದಿಯಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ ಹಳೆಯ ಗಾಳಿಕಿಂಡಿಗಳು ಸಿಕ್ಕವು. ತೆರೆದೆವು. ಕೆಳಗೆ ಲೋಬಾನ ಹಾಕಿ ನೋಡಿದರೆ ಹೊಗೆ ಮೊದಲು ಹಾದಿ ತಪ್ಪಿ ನಮ್ಮ ಮೂಗಿಗೇ ಬಂತು. ಒಂದು ಕಿಂಡಿಯನ್ನು ದೊಡ್ಡದು ಮಾಡಿದ ಮೇಲೆ ನೆಟ್ಟಗೆ ಮೇಲೇರಿ ಹೊರಗೆ ಹೋಯಿತು. ಮೌನೇಶ ಕಿಟಕಿಗಳ ಹೊರಬದಿಗೆ ಪಟ್ಟಿಪಟ್ಟಿಯ ಮರದ ಕದ ಕೂರಿಸಿದ. ಮಾಳಿಗೆಗೆ ಹೊಸ ಮಣ್ಣು ಬಿತ್ತು.

ಮೇ ತಿಂಗಳಲ್ಲಿ, ಊಟವಾದ ಮೇಲೆ, ಉರಿಬಿಸಿಲಿನ ಹೊತ್ತಿಗೇ ಆ ಕೋಣೆಯಲ್ಲೇ ಸಮಿತಿಯ ಸಭೆ ಕರೆದರು. ತೀರ್ಮಾನ ಅವತ್ತೇ ಆಗಬೇಕಿತ್ತು. ಜಮಖಾನೆ ಹಾಸಿತ್ತು. ಚನ್ನಬಸಪ್ಪನವರು ಎಲೆಯಡಿಕೆ ಹಾಕಿಕೊಂಡು ಗೋಡೆಗೆ ಒರಗಿ, ನೀವು ಕಲಿತದ್ದನ್ನು ಹೇಳಿರಿ ಎಂದರು. ನಾನು ಎದ್ದು ನಿಂತು ಹೇಳತೊಡಗಿದೆ. ಉಣ್ಣೆಯ ವಿಷಯಕ್ಕೆ ಬರುವಷ್ಟರಲ್ಲಿ ಒಬ್ಬ ಸದಸ್ಯರ ಕತ್ತು ವಾಲಿತು. ಗಾರೆಯ ವಿಷಯಕ್ಕೆ ಇನ್ನಿಬ್ಬರು ಹೋದರು. ಗಾಳಿಕಿಂಡಿಯ ವಿಷಯ ಮುಗಿಯುವಾಗ ಚನ್ನಬಸಪ್ಪನವರು ರುಮಾಲನ್ನು ತಲೆಯ ಕೆಳಗಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಅವರ ಪಕ್ಕದಲ್ಲಿ ಕಟ್ಟಡ ಇಳಿಸಲೇಬೇಕೆಂದು ವಾದಿಸಿದ್ದ ಇಬ್ಬರು ಒಂದೇ ಟವೆಲ್ಲಿಗೆ ತಲೆ ಕೊಟ್ಟು ಮಲಗಿದ್ದರು. ನಾನು ಮಾತು ನಿಲ್ಲಿಸಿದೆ. ಗೌಸುಸಾಬರು ಎಬ್ಬಿಸಬೇಡಿ ಎಂದು ಕೈಸನ್ನೆ ಮಾಡಿ, ಸದ್ದಾಗದಂತೆ ಕದ ಮುಂದೆ ಮಾಡಿದರು.

ಬಿಸಿಲು ಇಳಿದ ಮೇಲೆ ಚನ್ನಬಸಪ್ಪನವರು ಎದ್ದು ಕೂತರು. ಸುತ್ತ ನೋಡಿದರು, ಇನ್ನೂ ಮಲಗಿದ್ದವರನ್ನು ನೋಡಿದರು. ಮುಖ ಒರೆಸಿಕೊಂಡು ದನಿ ತಗ್ಗಿಸಿ ಹೇಳಿದರು:

"ಇವತ್ತ ಕೋರಂ ಇಲ್ರಿ, ಅಕ್ಕಾರ. ನಾಳೆ ಇದ ಹೊತ್ತಿಗೆ, ಇದ ಖೋಲ್ಯಾಗ ಮತ್ತ ಕರೀರಿ."

ಆ ಬೇಸಿಗೆಯಿಡೀ ಸಮಿತಿ ದಿನಾ ಸೇರಿತು. ಕೋರಂ ಮಾತ್ರ ಒಂದು ದಿನವೂ ಎಚ್ಚರವಿರಲಿಲ್ಲ. ಜೆಸಿಬಿ ತರಿಸಲು ಠರಾವು ಮಾಡುವವರು ಯಾರೂ ಸಿಗಲಿಲ್ಲ.